ಮಗಳ ಊರಿನಲ್ಲಿ ಬಿಡಾರ

ತಿರುಪ್ಪೂರಿನ ಬನಿಯನ್ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದ ನನಗೆ ಒಪ್ಪಿಸಿದ್ದ ಕೆಲಸಗಳಲ್ಲಿ ಹೊರದೇಶದ ಖರೀದಿದಾರರಿಗೆ ಕೋಣೆ ಕಾಯ್ದಿರಿಸುವುದೂ ಒಂದು. ಮೊದಮೊದಲು ತಿರುಪ್ಪೂರಿನಲ್ಲಿ ಅಂಥವರು ಇಳಿದುಕೊಳ್ಳುವಂತಹ ಹೋಟೆಲುಗಳು ವಿರಳವಾಗಿದ್ದವು. ಸುಮಾರು ಐವತ್ತು ಕಿಲೋಮೀಟರು ದೂರದ ಕೊಯಮತ್ತೂರಿನಲ್ಲಿ ಅವರನ್ನು ಇಳಿಸಿ, ದಿನವೂ ಬೆಳಿಗ್ಗೆ ಅವಿನಾಶಿ ರಸ್ತೆಯಲ್ಲಿ ಕಾರಿನಲ್ಲಿ ಕರೆತರುತ್ತಿದ್ದೆವು. ಅವರಲ್ಲಿ ಒಬ್ಬರಾದರೂ ಕೋಣೆ ಸುಂದರವಾಗಿದೆಯೆ ಎಂದು ಕೇಳಿದ್ದು ನನಗೆ ನೆನಪಿಲ್ಲ. ರಾತ್ರಿ ಲಾರಿಗಳ ಸದ್ದು ಕೇಳುವುದೆ, ಕಿಟಕಿಗೆ ದಪ್ಪನೆಯ ಪರದೆ ಇದೆಯೆ, ಬೆಳಗಿನ ಉಪಾಹಾರ ಎಷ್ಟು ಗಂಟೆಗೆ, ಇಷ್ಟೇ. ಪರದೆಯ ಪ್ರಶ್ನೆಯನ್ನು ಹೆಚ್ಚಾಗಿ ಕೇಳುತ್ತಿದ್ದವರು ಉತ್ತರ ಯುರೋಪಿನವರು. ಅದೇಕೆಂದು ನನಗೆ ಅರ್ಥವಾದದ್ದು ನಿವೃತ್ತನಾದ ಮೇಲೆ, ಕಳೆದ ಬೇಸಿಗೆಯಲ್ಲಿ, ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ನಮಗಾಗಿಯೇ ಒಂದು ಬಿಡಾರವನ್ನು ಹುಡುಕಬೇಕಾಗಿ ಬಂದಾಗ.

ನಮ್ಮ ಮಗಳೂ ಅಳಿಯಂದಿರೂ ಹೆಲ್ಸಿಂಕಿಗೆ ಅಂಟಿಕೊಂಡಿರುವ ಎಸ್ಪೊ ನಗರದ ಮಾತಿನ್‌ಕ್ಯುಲಾ ಎಂಬ ಬಡಾವಣೆಯಲ್ಲಿದ್ದಾರೆ. ಮಾರ್ಚ್ ತಿಂಗಳಲ್ಲಿ ಮಗಳಿಗೆ ಗಂಡುಮಗು ಹುಟ್ಟಿತು. ತವರಿನವರು ಬಾಣಂತನ ಮಾಡುವುದು ನಮ್ಮಲ್ಲಿ ಪದ್ಧತಿ. ಆದರೆ ಆ ವೇಳೆಗೆ ನಮ್ಮ ಅತ್ತೆಯವರು, ಎಂದರೆ ನನ್ನ ಹೆಂಡತಿಯ ತಾಯಿ, ಕಾಲುಜಾರಿ ಬಿದ್ದು ಕೊಯಮತ್ತೂರಿನ ಆಸ್ಪತ್ರೆಯಲ್ಲಿದ್ದರು. ಅವರನ್ನು ಬಿಟ್ಟು ಹೊರಡುವಂತಿರಲಿಲ್ಲ. ಹೀಗಾಗಿ ಸತ್ಯಮಂಗಲದ ನಮ್ಮ ಬೀಗರು ದಂಪತಿಗಳೇ ಹೋಗಿ, ಬೀಗಿತ್ತಿಯವರು ಬಾಣಂತನವನ್ನು ಮಾಡಿದರು. ಜೂನ್ ಹೊತ್ತಿಗೆ ಅತ್ತೆಯವರು ಕೋಲೂರಿಕೊಂಡು ನಡೆಯುವಂತಾದರು. ಎಪ್ಪತ್ತೆಂಟರ ಆ ಮುದುಕಿ ಹಾಸಿಗೆಯಿಂದ ಎದ್ದ ಮೊದಲ ದಿನವೇ ಹೇಳಿದ್ದು, ಮರಿಮೊಮ್ಮಗನನ್ನು ನೋಡಬೇಕು ಎಂದು.

ಮಗಳ ಮನೆ ನಲವತ್ತೆಂಟು ಚದರ ಮೀಟರಿನದು. ಒಂದು ಮಲಗುವ ಕೋಣೆ, ಅಡುಗೆಗೂ ಕೂಡುವುದಕ್ಕೂ ಸೇರಿ ಒಂದು ನಡುಮನೆ. ಕೋಣೆಯಲ್ಲಿ ಅವರಿಬ್ಬರೂ ಮಗುವೂ. ನಡುಮನೆಯ ಸೋಫಾ ಹಾಸಿಗೆಯಲ್ಲಿ ಬೀಗರೂ ಬೀಗಿತ್ತಿಯೂ. ಷೆಂಗೆನ್ ವೀಸಾದ ಮೇಲೆ ಹೋದವರು 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲವಾದುದರಿಂದ, ನಾವು ತಲುಪಿದ ಹನ್ನೆರಡು ದಿನಗಳಿಗೆ ಅವರು ಹೊರಡುವವರಿದ್ದರು. ಆ ಹನ್ನೆರಡು ದಿನಗಳ ಮಾತೇ ಮಾತು.

ನಾನು ಹೋಟೆಲು ಎಂದೆ. ನನ್ನ ಹೆಂಡತಿಗೆ ಅದು ಹಿಡಿಸಲಿಲ್ಲ. ಅವಳು ಹುಟ್ಟಿದ್ದು ಕೊಯಮತ್ತೂರಿನ ದೇವಾಂಗರ ಬೀದಿಯ ಮನೆಯಲ್ಲಿ. ನಡುವೆ ಕುಳಿಮಗ್ಗ, ಮಗ್ಗದ ಬದಿಗೆ ಉಳಿದ ಜಾಗವೇ ಸಂಸಾರದ್ದು. ನವರಾತ್ರಿಗೆ ಚೌಡೇಶ್ವರಿ ಅಮ್ಮನ ಕತ್ತಿ ಹಾಕುವ ಸೇವೆಗೆಂದು ಊರೂರಿನ ನೆಂಟರು ಬಂದಾಗ ಹದಿನೈದು ಜನ ಆ ಮನೆಯಲ್ಲಿಯೇ ಮಲಗುತ್ತಿದ್ದರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಮಕ್ಕಳು ಮಗ್ಗದ ಸುತ್ತ. ಯಾರಿಗೂ ಇಕ್ಕಟ್ಟು ಎನಿಸಿರಲಿಲ್ಲವಂತೆ. "ಮಗಳ ಮನೆಯಿರುವ ಊರಿನಲ್ಲಿ ಬಾಡಿಗೆಯ ಕೋಣೆಯಲ್ಲಿ ಮಲಗಿದರೆ ಕೇಳಿದವರು ಏನೆಂದಾರು?" ಎಂದಳು. ಹಾಗಾದರೆ ಅಲ್ಲಿಯೇ ಇಳಿಯೋಣ ಎಂದರೆ ಅದಕ್ಕೂ ಒಪ್ಪಿಗೆಯಿಲ್ಲ. "ನಾನು ಮಾಡಬೇಕಾದ ಬಾಣಂತನವನ್ನು ಅವರು ಮಾಡಿದ್ದಾರೆ. ಈಗ ಹೋಗಿ ಅವರ ಹಾಸಿಗೆಯನ್ನೂ ಕಿತ್ತುಕೊಳ್ಳಲೆ?" ಎರಡು ಮಾತಿಗೂ ನನ್ನಲ್ಲಿ ಉತ್ತರವಿರಲಿಲ್ಲ.

ತೀರ್ಮಾನವನ್ನು ವೀಸಾದ ಅರ್ಜಿ ಬೇಗ ಮಾಡಿಸಿತು. ಯುರೋಪಿಗೆ ಹೋಗಬೇಕೆಂದಿರುವ ಓದುಗರು ಇದನ್ನು ಗಮನದಲ್ಲಿಡಬೇಕು: ಅಲ್ಲಿ ಎಲ್ಲಿ ತಂಗುವಿರಿ ಎಂಬುದಕ್ಕೆ ಅರ್ಜಿಯೊಡನೆಯೇ ಆಧಾರ ತೋರಿಸಬೇಕು. ಕಾಯ್ದಿರಿಸಿದ ವಸತಿಯ ಚೀಟಿಯೋ, ಅಲ್ಲಿರುವ ಬಂಧುಗಳ ಆಹ್ವಾನಪತ್ರವೋ ಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆಯೂ ಕಡ್ಡಾಯ. ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ. ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. ಬೇಸಿಗೆಯಲ್ಲಿ ಹೋಗುವವರು ತಡಮಾಡಬಾರದು. ಕಾಯ್ದಿರಿಸುವಾಗ, ವೀಸಾ ಸಿಕ್ಕದಿದ್ದರೆ ಹಣ ಮರಳುವ ಷರತ್ತು ಇದೆಯೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ಅಂತಹ ಕೋಣೆಗೆ ತುಸು ಹೆಚ್ಚು ಬಾಡಿಗೆಯಾದರೂ ಚಿಂತೆಯಿಲ್ಲ.

ಹೀಗೆ ನಾನು ಇಪ್ಪತ್ತೆರಡು ವರ್ಷದ ಅನುಭವದ ಗರ್ವದಿಂದ ಹೆಲ್ಸಿಂಕಿಯ ನಕ್ಷೆಯನ್ನು ಮುಂದಿಟ್ಟುಕೊಂಡು ಕುಳಿತೆ. ಆ ಊರು ಸಮುದ್ರದೊಳಕ್ಕೆ ಚಾಚಿಕೊಂಡ ಒಂದು ನಾಲಗೆ. ಸುತ್ತ ನೂರಾರು ದ್ವೀಪಗಳು. 1550ರಲ್ಲಿ ಸ್ವೀಡನ್ನಿನ ಅರಸು ಗುಸ್ತಾವ್ ವಾಸಾ ಅದನ್ನು ಸ್ಥಾಪಿಸಿದ. 1812ರಲ್ಲಿ, ದೇಶವು ರಷ್ಯದ ಕೈಸೇರಿದ ಮೇಲೆ, ಅದು ರಾಜಧಾನಿಯಾಯಿತು. ಹೊಸಬರು ಸಾಮಾನ್ಯವಾಗಿ ಇಳಿಯುವುದು ಕೇಂದ್ರ ರೈಲುನಿಲ್ದಾಣದ ಆಸುಪಾಸಿನಲ್ಲಿ. ಎಲಿಯೆಲ್ ಸಾರಿನೆನ್ ಎಂಬ ವಾಸ್ತುಶಿಲ್ಪಿ ರೂಪಿಸಿದ, 1919ರಲ್ಲಿ ತೆರೆದ ಆ ನಿಲ್ದಾಣದ ಬಾಗಿಲ ಎರಡೂ ಪಕ್ಕ ಕೈಯಲ್ಲಿ ದೀಪದ ಗೋಳ ಹಿಡಿದ ಕಲ್ಲಿನ ಪುರುಷರಿದ್ದಾರೆ. ನಮ್ಮ ದ್ವಾರಪಾಲಕರನ್ನು ಕಂಡಂತಾಗುತ್ತದೆ. ವಿಮಾನ ನಿಲ್ದಾಣದಿಂದ ಅಲ್ಲಿಗೆ ನೇರ ರೈಲು 2015ರಿಂದ ಇದೆ, ಅರ್ಧ ಗಂಟೆಯ ದಾರಿ. ಬಹಳಷ್ಟು ಟ್ರಾಮುಗಳೂ ಹತ್ತಿರ. ಎರಡೇ ದಿನಕ್ಕೆ ಹೋಗುವವರಿಗೆ ಇದಕ್ಕಿಂತ ಅನುಕೂಲದ ಜಾಗವಿಲ್ಲ. ಆದರೆ ಮೂವರಿಗೆ ಒಂದು ರಾತ್ರಿಗೆ ನೂರೈವತ್ತು ಯೂರೋಗಿಂತ ಕಡಮೆಗೆ ನನಗೆ ಏನೂ ಕಾಣಲಿಲ್ಲ. ಒಂದು ಯೂರೋ ಎಂದರೆ ಹೆಚ್ಚುಕಡಮೆ ನೂರು ರೂಪಾಯಿ.

ಪೂರ್ವಕ್ಕೆ ಕತಯನೊಕ್ಕ ಎಂಬ ಪುಟ್ಟ ದ್ವೀಪ, ಬಂದರಿನ ಪಕ್ಕದಲ್ಲಿ. ಶಾಂತವಾದ ಹಳೆಯ ಬೀದಿಗಳು. ನಮ್ಮ ಮಕ್ಕಳೂ ಬಲ್ಲ ಮೂಮಿನ್ ಕಥೆಗಳನ್ನು ಬರೆದ ತೂವೆ ಯಾನ್ಸನ್ ಬಾಲ್ಯದಲ್ಲಿದ್ದದ್ದು ಅಲ್ಲಿಯೇ. ಅಲ್ಲಿಯ ಉದ್ಯಾನವೊಂದಕ್ಕೆ ಈಗ ಆಕೆಯ ಹೆಸರಿದೆ. ಅಲ್ಲಿಯ ಒಂದು ಹೋಟೆಲು ಹಿಂದೆ ಸೆರೆಮನೆಯಾಗಿತ್ತು. 2002ರವರೆಗೂ ಕೈದಿಗಳಿದ್ದ ಕಟ್ಟಡ 2007ರಲ್ಲಿ ಹೋಟೆಲಾಯಿತು. ಗೋಡೆಗಳು ದಪ್ಪ, ಸದ್ದು ಬರುವುದಿಲ್ಲ, ಖರೀದಿದಾರರಿಗೆ ಹೇಳಿ ಮಾಡಿಸಿದ್ದು ಎಂದು ನಾನು ಉತ್ಸಾಹದಿಂದ ವಿವರಿಸಿದೆ. "ಮೊಮ್ಮಗನನ್ನು ನೋಡಲು ಹೋಗಿ ಜೈಲಿನಲ್ಲಿ ಮಲಗುವುದೆ?" ಎಂದಳು ಹೆಂಡತಿ. ಅಲ್ಲಿಗೆ ಆ ಪುಟ ಮುಗಿಯಿತು.

ಸುವೊಮೆನ್‌ಲಿನ್ನ ಎಂಬುದು ಸಮುದ್ರದ ನಡುವಿನ ಕೋಟೆ. 1748ರಲ್ಲಿ ಸ್ವೀಡನ್ನಿನವರು ಕಟ್ಟತೊಡಗಿದ್ದು, 1991ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಊರಿನ ಸಾಮಾನ್ಯ ಟಿಕೇಟಿನಲ್ಲಿಯೇ ಹಾಯಿಗಟ್ಟೆಯಿಂದ ಕಾಲುಗಂಟೆಯಲ್ಲಿ ದೋಣಿಯಲ್ಲಿ ಹೋಗಬಹುದು. ಅಲ್ಲಿಯೂ ತಂಗುವ ಮನೆಯೊಂದಿದ್ದು, ರಷ್ಯನ್ನರ ಕಾಲದ ಶಾಲೆಯ ಕಟ್ಟಡದಲ್ಲಿದೆ. ಶಾಲೆಯಲ್ಲಿ ಮಲಗುವುದು ನಮಗೆ ಹೊಸದಲ್ಲ. ಪಳನಿಗೆ ಪಾದಯಾತ್ರೆ ಹೋಗುವವರು ದಾರಾಪುರದ ದಾರಿಯುದ್ದಕ್ಕೂ ಮಾಡುವುದೇ ಅದು. ಆದರೆ ಕೋಲೂರಿಕೊಂಡು ನಡೆಯುವವರನ್ನು ದಿನವೂ ದೋಣಿಗೆ ಹತ್ತಿಸಿ ಇಳಿಸುವ ಧೈರ್ಯ ನನಗಿರಲಿಲ್ಲ.

ಕಡೆಗೆ ನನ್ನ ಬೆರಳು ಬಿದ್ದದ್ದು ಕಲ್ಲಿಯೊ ಎಂಬ ಬಡಾವಣೆಯ ಮೇಲೆ. ಹಿಂದೆ ಕಾರ್ಮಿಕರ ಕೇರಿ, ಈಗ ವಿದ್ಯಾರ್ಥಿಗಳೂ ಕಲಾವಿದರೂ ತುಂಬಿರುವ ಜಾಗ. ಒಂದು ಕೋಣೆ, ಒಂದು ನಡುಮನೆ, ಅಡುಗೆಗೆ ಒಲೆ, ಬಟ್ಟೆ ಒಗೆಯುವ ಯಂತ್ರ, ಲಿಫ್ಟು, ದಿನಕ್ಕೆ ತೊಂಬತ್ತೈದು ಯೂರೋ. ಸಸ್ಯಾಹಾರಿಗಳಾದ ನಮಗೆ ಒಲೆ ಮುಖ್ಯ. ಹಾಕನಿಯೆಮಿ ಮೆಟ್ರೋ ನಿಲ್ದಾಣ ಹತ್ತಿರ, ಅಲ್ಲಿಂದ ಮಾತಿನ್‌ಕ್ಯುಲಾಕ್ಕೆ ರೈಲು ಬದಲಿಸದೆ ಅರ್ಧ ಗಂಟೆಯೊಳಗೆ ಹೋಗಬಹುದು. 1982ರಲ್ಲಿ ಆರಂಭವಾದ ಆ ಮೆಟ್ರೋವನ್ನು 2017ರಲ್ಲಿ ಎಸ್ಪೊವರೆಗೆ ಬೆಳೆಸಿದ್ದಾರೆ. ಹಗಲೆಲ್ಲ ಮಗಳ ಮನೆ, ರಾತ್ರಿ ನಮ್ಮ ಬಿಡಾರ. ಬೀಗರ ಹಾಸಿಗೆ ಬೀಗರಿಗೇ. ಹೆಂಡತಿಯೂ ಅರೆಮನಸ್ಸಿನಿಂದ ಒಪ್ಪಿದಳು. ಇಂತಹ ಲೆಕ್ಕಾಚಾರವನ್ನು ಮಾಡಿಕೊಟ್ಟಿದ್ದರೆ ನಮ್ಮ ಕಂಪೆನಿಯ ಯಜಮಾನರು ಮೆಚ್ಚಿಕೊಳ್ಳುತ್ತಿದ್ದರು.

ಕಲ್ಲಿಯೊ ಎಂಬುದಕ್ಕೆ ಫಿನ್ನಿಷ್ ಭಾಷೆಯಲ್ಲಿ ಬಂಡೆ ಎಂದು ಅರ್ಥ. ಅದನ್ನು ನಾನು ತಿಳಿದುಕೊಂಡದ್ದು ಅಲ್ಲಿಗೆ ಹೋದ ಮೇಲೆ.

ಬಂಡೆಯ ಮೇಲೆಯೇ ಆ ಬಡಾವಣೆ ಇದೆ. ನಿಲ್ದಾಣದಿಂದ ಮನೆಗೆ ನಕ್ಷೆಯಲ್ಲಿ ಐದು ನಿಮಿಷದ ದಾರಿ. ಅದು ಏರುದಾರಿ ಎಂದು ನಕ್ಷೆ ಹೇಳುವುದಿಲ್ಲ. ಲಿಫ್ಟು ಇದೆ ಎಂದು ಬರೆದದ್ದೂ ಸುಳ್ಳಲ್ಲ. ಆದರೆ ಬೀದಿಬಾಗಿಲಿನಿಂದ ಲಿಫ್ಟಿನ ಬಾಗಿಲಿಗೆ ಎಂಟು ಮೆಟ್ಟಿಲು. ಹಳೆಯ ಕಟ್ಟಡಕ್ಕೆ ಆಮೇಲೆ ಕೂಡಿಸಿದ ಲಿಫ್ಟಾದುದರಿಂದ ಅದು ನಿಲ್ಲುವುದು ಎರಡು ಮಹಡಿಗಳ ನಡುವಿನ ತಿರುವಿನಲ್ಲಿ. ಅಲ್ಲಿಂದ ಮನೆಗೆ ಇನ್ನೂ ಒಂಬತ್ತು ಮೆಟ್ಟಿಲು. ಹೋಗುವಾಗ ಹದಿನೇಳು, ಬರುವಾಗ ಹದಿನೇಳು. ಅತ್ತೆಯವರು ಒಂದು ಮಾತನ್ನೂ ಆಡದೆ ಹತ್ತಿದರು. ಅವರು ಮಾತಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇನ್ನು ರಾತ್ರಿ. ಕೊಯಮತ್ತೂರು 11 ಡಿಗ್ರಿ ಅಕ್ಷಾಂಶದಲ್ಲಿದೆ, ಹೆಲ್ಸಿಂಕಿ 60ರಲ್ಲಿ. ಜೂನ್ ಮೂರನೆಯ ವಾರದಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ 10 ಗಂಟೆ 50 ನಿಮಿಷಕ್ಕೆ, ಹುಟ್ಟುವುದು ಬೆಳಗಿನ ಜಾವ 4 ಗಂಟೆಗೂ ಮುಂಚೆ. ನಡುವೆಯೂ ಕತ್ತಲೆಯಾಗುವುದಿಲ್ಲ, ಒಂದು ಬೂದುಬಣ್ಣದ ಬೆಳಕು ನಿಂತಿರುತ್ತದೆ. ಕೋಣೆಯ ಕಿಟಕಿಗೆ ಇದ್ದದ್ದು ತೆಳ್ಳನೆಯ ಬಿಳಿಯ ಪರದೆ. ನಮ್ಮ ಹಳೆಯ ಖರೀದಿದಾರರೆಲ್ಲರೂ ನನಗೆ ಸಾಲಾಗಿ ನೆನಪಾದರು. ಕೆಳಗಿನ ಬೀದಿಯಲ್ಲಿ ಮದ್ಯದಂಗಡಿಗಳು. ಚಳಿಗಾಲದಲ್ಲಿ ದಿನಕ್ಕೆ ಆರು ಗಂಟೆ ಬೆಳಕನ್ನೂ ಕಾಣದ ಜನರು ಬೇಸಿಗೆಯ ರಾತ್ರಿಯನ್ನು ನಿದ್ದೆಯಲ್ಲಿ ಕಳೆಯಲು ಇಷ್ಟಪಡುವುದಿಲ್ಲವೆಂದು ತೋರುತ್ತದೆ. ಅವರನ್ನು ದೂರುವಂತಿಲ್ಲ. ಅತ್ತೆಯವರಿಗೆ ಮಾತ್ರ ಬೇರೆಯೇ ಚಿಂತೆ. ಸೂರ್ಯ ಮುಳುಗುವ ಹೊತ್ತಿಗೆ ದೀಪ ಹಚ್ಚುವುದು ಅವರ ರೂಢಿ. ಇಲ್ಲಿ ಯಾವಾಗ ಹಚ್ಚುವುದು? ಮೊದಲನೆಯ ದಿನ ಕಿಟಕಿಯ ಬಳಿ ಹತ್ತೂಮುಕ್ಕಾಲರವರೆಗೆ ಕಾದು ಕುಳಿತೇ ಇದ್ದರು. ಹಚ್ಚಿದರೆ ಹೊಗೆ ಪತ್ತೆಮಾಡುವ ಯಂತ್ರ ಕೂಗೀತೆಂಬ ಭಯ ನನಗೆ.

ಮೂರನೆಯ ದಿನ ಅವರ ಮಂಡಿ ಊದಿತು. ಅದು ಯುಹಾನ್ನುಸ್ ಹಬ್ಬದ ಮುನ್ನಾದಿನ. ಆ ನಡುಬೇಸಿಗೆಯ ಹಬ್ಬಕ್ಕೆ ಊರಿಗೆ ಊರೇ ಸರೋವರಗಳ ಬಳಿಯ ಬೇಸಿಗೆ ಮನೆಗಳಿಗೆ ಹೊರಟುಹೋಗುತ್ತದೆ; ಅನೇಕ ಅಂಗಡಿಗಳೂ ಉಪಾಹಾರ ಗೃಹಗಳೂ ಮುಚ್ಚಿರುತ್ತವೆ. ಜೂನ್ 20ರಿಂದ 26ರೊಳಗಿನ ಶನಿವಾರ ಅದು ಬೀಳುವುದರಿಂದ ಆ ವಾರ ಹೋಗುವವರು ಅಕ್ಕಿ ಬೇಳೆ ಹಾಲುಗಳನ್ನು ಮೊದಲೇ ತಂದಿಟ್ಟುಕೊಳ್ಳಬೇಕು. ಅತ್ತೆಯವರು ಮಂಚ ಬಿಟ್ಟು ಏಳಲಾಗಲಿಲ್ಲ. ಮರಿಮೊಮ್ಮಗನಿಂದ ಅರ್ಧ ಗಂಟೆಯ ದೂರದಲ್ಲಿ, ಏಳು ಸಾವಿರ ಕಿಲೋಮೀಟರು ದಾಟಿ ಬಂದವರು, ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದರು. ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಆ ಮನೆಯ ಚಿತ್ರಗಳನ್ನು ನಾನು ಎಷ್ಟು ಸಲ ನೋಡಿದ್ದೆ! ಮೆಟ್ಟಿಲು ಎಷ್ಟು ಎಂದು ಮಾಲೀಕರಿಗೆ ಒಂದು ಸಾಲು ಬರೆದು ಕೇಳಿರಲಿಲ್ಲ.

ಮಧ್ಯಾಹ್ನ ಬೀಗಿತ್ತಿಯವರ ಫೋನು ಬಂತು. ಹೆಂಡತಿ ಎಲ್ಲರಿಗೂ ಕೇಳಿಸುವಂತೆ ಅದನ್ನು ಮೇಜಿನ ಮೇಲಿಟ್ಟಳು. "ಅಕ್ಕಾ, ಮೂರು ತಿಂಗಳಾಗುತ್ತ ಬಂತು, ಈ ಮನೆಯ ಕಿಟಕಿಯಿಂದ ಕಾರು ನಿಲ್ಲಿಸುವ ಜಾಗವೊಂದನ್ನೇ ನೋಡುತ್ತಿದ್ದೇನೆ. ಹೆಲ್ಸಿಂಕಿ ಎಂದು ಒಂದು ಊರಿದೆಯಂತೆ, ನಾನು ಕಂಡಿಲ್ಲ. ಆ ಮನೆಯನ್ನು ನಮಗೆ ಕೊಟ್ಟುಬಿಡಿ. ದೊಡ್ಡವರನ್ನು ಕರೆದುಕೊಂಡು ನೀವು ಇಲ್ಲಿಗೆ ಬನ್ನಿ. ಮಗು ರಾತ್ರಿ ಎರಡು ಸಲ ಏಳುತ್ತಾನೆ, ಇನ್ನು ಅದು ನಿಮ್ಮ ಪಾಲು."

"ನಿಮ್ಮನ್ನು ಮನೆಯಿಂದ ಕಳಿಸಿದ ಹಾಗಾಗುತ್ತದಲ್ಲಾ ಅಕ್ಕಾ" ಎಂದಳು ಹೆಂಡತಿ.

"ಕಳಿಸುವವರು ಯಾರು? ಕೇಳುತ್ತಿರುವವಳು ನಾನು."

ಹೆಂಡತಿ ಫೋನನ್ನು ನನ್ನ ಕಡೆಗೆ ಸರಿಸಿ ಅಡುಗೆಯ ಮೂಲೆಗೆ ಹೋಗಿ ನಿಂತಳು. ನಾನು ಮಾಲೀಕರಿಗೆ ಬರೆದೆ. ತಂಗುವವರು ಬದಲಾದರೆ ಅವರಿಗೆ ತಿಳಿಸಿಯೇ ಮಾಡಬೇಕು, ಕದ್ದು ಮಾಡಬಾರದು. ಹೊಸಬರ ಹೆಸರುಗಳನ್ನು ಕೇಳಿಕೊಂಡು ಅವರು ಒಪ್ಪಿದರು, ರಾತ್ರಿ ಹತ್ತರ ಮೇಲೆ ಸದ್ದು ಮಾಡಬಾರದೆಂಬುದನ್ನು ಮತ್ತೊಮ್ಮೆ ನೆನಪಿಸಿ. ಸಂಜೆ ಅಳಿಯಂದಿರು ಟ್ಯಾಕ್ಸಿ ತಂದರು.

ಮಾತಿನ್‌ಕ್ಯುಲಾದ ಕಟ್ಟಡ ಹೊಸದು. ಬೀದಿಯಿಂದ ಲಿಫ್ಟಿಗೆ, ಲಿಫ್ಟಿನಿಂದ ಮನೆಗೆ ಒಂದು ಮೆಟ್ಟಿಲೂ ಇಲ್ಲ, ತಳ್ಳುಗಾಡಿಗಾಗಿ ಹಾಗೆ ಕಟ್ಟಿದ್ದಾರೆ. ಅತ್ತೆಯವರೂ ಹೆಂಡತಿಯೂ ಸೋಫಾ ಹಾಸಿಗೆಯಲ್ಲಿ ಮಲಗಿದರು. ಮಗುವಿನ ಹಾಸಿಗೆಯನ್ನು ನೋಡಿ ಅತ್ತೆಯವರಿಗೆ ಬೆರಗು: ಅದು ಒಂದು ರಟ್ಟಿನ ಪೆಟ್ಟಿಗೆ. ಅಲ್ಲಿಯ ಸರಕಾರ ಬಸುರಿಯರಿಗೆ ಮಗುವಿನ ಬಟ್ಟೆಬರೆ ತುಂಬಿದ ಪೆಟ್ಟಿಗೆಯೊಂದನ್ನು ಕೊಡುತ್ತದೆ. 1938ರಲ್ಲಿ ಬಡವರಿಗೆಂದು ಆರಂಭವಾಗಿ 1949ರಿಂದ ಎಲ್ಲರಿಗೂ ಸಲ್ಲುತ್ತಿದೆ. ತಳದಲ್ಲಿ ಪುಟ್ಟ ಹಾಸಿಗೆಯೂ ಇರುವುದರಿಂದ ಅನೇಕ ಮಕ್ಕಳ ಮೊದಲ ಮಲಗುವ ತಾವು ಆ ಪೆಟ್ಟಿಗೆಯೇ. ಅದರೊಳಗಿನ ಬನಿಯನ್ ಅಂಗಿಗಳ ಹೊಲಿಗೆಯನ್ನು ನಾನು ತಿರುವಿ ನೋಡಿದೆ, ಕಸುಬಿನ ಚಾಳಿ. ದೀಪದ ಪ್ರಶ್ನೆಯನ್ನೂ ಅತ್ತೆಯವರು ತಾವೇ ಬಗೆಹರಿಸಿಕೊಂಡರು. ಕೊಯಮತ್ತೂರಿನಲ್ಲಿ ಸಂಜೆ ಏಳಾದಾಗ ಅಲ್ಲಿ ಬೇಸಿಗೆಯ ಗಡಿಯಾರದಲ್ಲಿ ನಾಲ್ಕೂವರೆ. ಆ ಹೊತ್ತಿಗೆ, ಕಣ್ಣು ಕೋರೈಸುವ ಬಿಸಿಲಿನಲ್ಲಿ, ಬ್ಯಾಟರಿಯ ಪುಟ್ಟ ದೀಪವೊಂದನ್ನು ಹೊತ್ತಿಸಿ ಕೈಮುಗಿಯುತ್ತಿದ್ದರು.

ಕಲ್ಲಿಯೊದ ನಡುಮನೆಯಲ್ಲಿ ನಾನು, ಕೋಣೆಯಲ್ಲಿ ಬೀಗರು ದಂಪತಿಗಳು. ಬೆಳಿಗ್ಗೆ ಹಾಕನಿಯೆಮಿಯ ಚೌಕದಲ್ಲಿ ತಿರುಗಾಡಿ, 1914ರ ಕೆಂಪಿಟ್ಟಿಗೆಯ ಸಂತೆಮನೆಯಲ್ಲಿ ಹಣ್ಣು ಕೊಂಡು, ಹತ್ತರ ಹೊತ್ತಿಗೆ ಮೊಮ್ಮಗನಲ್ಲಿಗೆ ಹೋಗುತ್ತಿದ್ದೆವು. ಅಲ್ಲಿಯ ಜನರು ಹಸಿ ಬಟಾಣಿಯನ್ನು ಕಡಲೆಕಾಯಿಯಂತೆ ಸುಲಿದು ತಿನ್ನುತ್ತಾ ನಡೆಯುವುದು ಬೀಗಿತ್ತಿಯವರಿಗೆ ಬಹಳ ಹಿಡಿಸಿತು. ಪೀಮ ಎಂಬುದು ನಮ್ಮ ಮಜ್ಜಿಗೆಯೇ. ಊಟದ ಜೊತೆಗೆ ಕುಡಿಯುತ್ತಾರೆ. ಹುಳಿ ರೈ ರೊಟ್ಟಿ ರಾಗಿ ತಿಂದು ಬೆಳೆದವರಿಗೆ ಕಷ್ಟವಲ್ಲ. ಮನೆಯೊಳಕ್ಕೆ ಕಾಲುಮರಿ ಹಾಕಿಕೊಂಡು ಹೋಗದಿರುವುದರಲ್ಲಿಯೂ ಅವರು ನಮ್ಮಂತೆಯೇ.

ಬೀಗರು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವರು. ಅವರ ಕಣ್ಣು ಹೋದದ್ದು ಬೀದಿಗಳ ಹೆಸರುಫಲಕಗಳ ಮೇಲೆ. ಪ್ರತಿಯೊಂದು ಬೀದಿಗೂ ಎರಡು ಹೆಸರು, ಮೇಲೆ ಫಿನ್ನಿಷಿನಲ್ಲಿ, ಕೆಳಗೆ ಸ್ವೀಡಿಷಿನಲ್ಲಿ. ನಾವಿದ್ದ ಕಲ್ಲಿಯೊ ಸ್ವೀಡಿಷಿನಲ್ಲಿ ಬೆರ್ಗ್‌ಹೆಲ್, ಎಸ್ಪೊ ಎಸ್ಬೊ ಆಗುತ್ತದೆ, ಹೆಲ್ಸಿಂಕಿಯೇ ಹೆಲ್ಸಿಂಗ್‌ಫೋರ್ಸ್. ಮೆಟ್ರೋದಲ್ಲಿ ನಿಲ್ದಾಣದ ಹೆಸರನ್ನು ಎರಡು ಸಲ ಕೂಗುವುದೂ ಅದಕ್ಕಾಗಿಯೇ. ಹೆಲ್ಸಿಂಕಿಯಲ್ಲಿ ಸ್ವೀಡಿಷ್ ಮನೆಮಾತಿನವರು ಇಂದು ನೂರಕ್ಕೆ ಐದಾರು ಜನ ಮಾತ್ರ. ಆದರೆ ಕಾನೂನಿನಂತೆ ಯಾವುದೇ ಪುರಸಭೆಯಲ್ಲಿ ಅಲ್ಪಸಂಖ್ಯಾತ ಭಾಷೆಯವರು ನೂರಕ್ಕೆ ಎಂಟರಷ್ಟೋ ಮೂರು ಸಾವಿರ ಮಂದಿಯೋ ಇದ್ದರೆ ಆ ಊರು ದ್ವಿಭಾಷೆಯದು. ಅವರಿಗೆ ಶಿಶುವಿಹಾರದಿಂದ ಕಾಲೇಜಿನವರೆಗೆ ತಮ್ಮ ಭಾಷೆಯ ಶಾಲೆಗಳಿವೆ. 1864ರಿಂದ ಹೊರಬರುತ್ತಿರುವ ದಿನಪತ್ರಿಕೆಯಿದೆ. ಮೂಮಿನ್ ಕಥೆಗಳು ಬರೆಯಲ್ಪಟ್ಟದ್ದೂ ಸ್ವೀಡಿಷಿನಲ್ಲಿಯೇ. ಸ್ವೀಡಿಷ್ ಶಾಲೆಯ ಮಕ್ಕಳು ಫಿನ್ನಿಷ್ ಕಲಿಯುತ್ತಾರೆ, ನಮ್ಮ ಮಕ್ಕಳು ಕನ್ನಡದೊಡನೆ ತಮಿಳನ್ನು ಕಲಿಯುವಂತೆ. ಫಿನ್ನಿಷ್ ಶಾಲೆಯ ಮಕ್ಕಳೂ ಸ್ವೀಡಿಷ್ ಕಲಿಯಬೇಕು. ಅದು ನಮ್ಮಲ್ಲಿ ಇಲ್ಲದ್ದು. ಅದರ ಬಗ್ಗೆ ಅಲ್ಲಿಯೂ ಗೊಣಗುವವರಿದ್ದಾರೆಂದು ಅಳಿಯಂದಿರು ಹೇಳಿದರು.

"ಕಾಗದದ ಮೇಲೆ ಯಾವ ಹೆಸರನ್ನು ಬರೆದರೂ ತಲುಪುವುದೆ?" ಎಂಬುದು ಬೀಗರ ಪ್ರಶ್ನೆ. ಎರಡೂ ಅಧಿಕೃತ ಹೆಸರುಗಳೇ ಎಂದು ತಿಳಿದ ಮೇಲೆ, ಪರೀಕ್ಷಿಸಿಯೇ ತೀರಬೇಕೆಂದು, ಮಗನ ಮನೆಯ ವಿಳಾಸವನ್ನು ಸ್ವೀಡಿಷಿನಲ್ಲಿ ಬರೆದು ಒಂದು ಕಾರ್ಡನ್ನು ಅಂಚೆಗೆ ಹಾಕಿದರು. ಒಳಗಿನ ಒಕ್ಕಣೆ ಕನ್ನಡದಲ್ಲಿತ್ತು. ನಮ್ಮ ಕಡೆಯ ಬಹಳ ಮಂದಿ ಮನೆಯಲ್ಲಿ ಕನ್ನಡ ಆಡಿದರೂ ಬರೆಯುವುದು ತಮಿಳಿನಲ್ಲಿ. ನಾನು ಅಕ್ಷರ ಕಲಿತದ್ದು ತಾಳವಾಡಿಯ ಸೋದರಮಾವನ ಮನೆಯಲ್ಲಿದ್ದು ಅಲ್ಲಿಯ ಶಾಲೆಗೆ ಹೋದದ್ದರಿಂದ. ಬೀಗರೂ ಅದೇ ಕಡೆ ಓದಿದವರೆಂದು, ಮಕ್ಕಳ ಮದುವೆಯಾಗಿ ನಾಲ್ಕು ವರ್ಷಗಳಾದ ಮೇಲೆ, ಕಲ್ಲಿಯೊದ ಆ ಅಡುಗೆಯ ಮೇಜಿನ ಬಳಿ ಕುಳಿತಿದ್ದಾಗ ನನಗೆ ಗೊತ್ತಾಯಿತು.

ಭಾನುವಾರ ಬಂಡೆಯ ತುದಿಯಲ್ಲಿರುವ 1912ರ ಗ್ರಾನೈಟಿನ ಇಗರ್ಜಿಯಿಂದ ಗಂಟೆಗಳ ರಾಗ ಕೇಳಿಬರುತ್ತಿತ್ತು. ಅದನ್ನು ರಚಿಸಿದವನು ಆ ದೇಶದ ದೊಡ್ಡ ಸಂಗೀತಗಾರ ಸಿಬೇಲಿಯಸ್. ಒಂದು ದಿನ ಸುವೊಮೆನ್‌ಲಿನ್ನಕ್ಕೆ ದೋಣಿಯಲ್ಲಿ ಹೋಗಿ ಬಂದೆವು. ಇನ್ನೊಂದು ದಿನ ರೈಲುನಿಲ್ದಾಣದ ಬಳಿಯ ಊಡಿ ಎಂಬ ಗ್ರಂಥಾಲಯಕ್ಕೆ. 2018ರ ಡಿಸೆಂಬರಿನಲ್ಲಿ ತೆರೆದ ಆ ಕಟ್ಟಡದಲ್ಲಿ ಪುಸ್ತಕಗಳಲ್ಲದೆ ಹೊಲಿಗೆ ಯಂತ್ರಗಳೂ ಇದ್ದು ಯಾರು ಬೇಕಾದರೂ ಉಪಯೋಗಿಸಬಹುದು. ಬೀಗಿತ್ತಿಯವರು ಅಲ್ಲಿ ಕುಳಿತು ಮೊಮ್ಮಗನಿಗೆ ಹಳೆಯ ಸೀರೆಯ ತುಂಡಿನಿಂದ ಒಂದು ದುಪ್ಪಟಿಯ ಅಂಚನ್ನು ಹೊಲಿದರು.

ಅವರು ಹೊರಡುವ ಹಿಂದಿನ ದಿನ ಕಾರ್ಡು ಬಂತು. ಅತ್ತೆಯವರು ಅದನ್ನು ಮಗುವಿನ ಪೆಟ್ಟಿಗೆಯ ಬದಿಗೆ ಸಿಕ್ಕಿಸಿದರು. ವಿಮಾನ ನಿಲ್ದಾಣದಲ್ಲಿ ಬೀಗಿತ್ತಿಯವರು ನನ್ನ ಹೆಂಡತಿಯ ಕೈಹಿಡಿದು, "ಮುಂದಿನ ಸಲವೂ ಆ ಮನೆಯೇ ಇರಲಿ ಅಕ್ಕಾ, ನಮಗೆ" ಎಂದರು. ಬೀಗರು ನನ್ನ ಕಿವಿಯಲ್ಲಿ ಹೇಳಿದ್ದು ಬೇರೆ: "ಬೀಗರೇ, ಮನೆ ಚೆನ್ನಾಗಿದೆ. ಪರದೆ ಮಾತ್ರ ದಪ್ಪದ್ದು ಹಾಕಿಸಿ ಎಂದು ಅವರಿಗೆ ಬರೆಯಿರಿ."